ಕಾಗೆಗೆ ಕೂಗು ಬಂದ ದಿನ

ಲೋಕ ಆಗಿನ್ನೂ ಹೊಸದು. ಬಂಡೆಗಳ ಬಿಸಿ ಪೂರ್ತಿ ಆರಿರಲಿಲ್ಲ. ಹಳ್ಳ ಯಾವ ಕಡೆ ಹರಿಯಬೇಕೆಂದು ಗೊತ್ತಾಗದೆ ದಿನಕ್ಕೊಂದು ದಾರಿ ಹಿಡಿದು ನೋಡುತ್ತಿತ್ತು. ಗಾಳಿ ಕಂಡಕಂಡವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿತ್ತು.

ಪ್ರಾಣಿಗಳೆಲ್ಲ ತಮತಮಗೆ ಒಪ್ಪುವ ಕೂಗು ಹುಡುಕಿಕೊಳ್ಳುತ್ತಿದ್ದ ಕಾಲ ಅದು. ನಾಯಿ ಒಂದು ಸಲ ಬೊಗಳಿ ನೋಡಿತು. ಚೆನ್ನಾಗಿದೆ ಅನ್ನಿಸಿತು, ಇಟ್ಟುಕೊಂಡಿತು. ಕಪ್ಪೆ ಮಳೆಯ ರಾತ್ರಿಯಿಡೀ ವಟಗುಟ್ಟಿ ನೋಡಿತು. ಬೇರೆ ಯಾರಿಗೂ ಹಿಡಿಸಲಿಲ್ಲ, ಅದಕ್ಕೆ ಮಾತ್ರ ಬಹಳ ಹಿಡಿಸಿತು. ಕೋಗಿಲೆ ಮೂರು ಕೂಗು ಬಿಟ್ಟು ನಾಲ್ಕನೆಯದನ್ನು ಆರಿಸಿತು.

ಕಾಗೆಗೆ ಮಾತ್ರ ಕೂಗೇ ಇರಲಿಲ್ಲ. ಕೂಗಿ ನೋಡಲು ಬಾಯಿ ಖಾಲಿ ಇದ್ದರೆ ತಾನೆ? ಕದ್ದ ತುತ್ತೊಂದು ಸದಾ ಅದರ ಕೊಕ್ಕಿನಲ್ಲಿ ಇದ್ದೇ ಇರುತ್ತಿತ್ತು. ಒಂದು ನುಂಗುವುದರೊಳಗೆ ಇನ್ನೊಂದು.

ಕೂಗಿಲ್ಲದ ಮೇಲೆ ಕರೆಯುವುದೆಲ್ಲಿ ಬಂತು? ಆಗಿನ ಕಾಗೆಗಳೆಲ್ಲ ಒಂಟಿ. ಒಂದು ಮರಕ್ಕೆ ಒಂದೇ ಕಾಗೆ. ಒಂದರ ಮರಕ್ಕೆ ಇನ್ನೊಂದು ಕಾಲಿಡುವಂತಿಲ್ಲ. ಒಂದು ಕಾಗೆ ರೆಕ್ಕೆ ಮುರಿದು ಕೆಳಗೆ ಬಿದ್ದರೆ, ಪಕ್ಕದ ಮರದ ಕಾಗೆ ಕತ್ತು ಓರೆ ಮಾಡಿ ಒಮ್ಮೆ ನೋಡುತ್ತಿತ್ತು. ಆಮೇಲೆ ತನ್ನ ತುತ್ತಿನ ಕಡೆ ತಿರುಗಿಕೊಳ್ಳುತ್ತಿತ್ತು. ಅಷ್ಟೇ.

ಅಂಥ ಕಾಲದಲ್ಲಿ, ಒಂದು ಕಲ್ಲುಗುಡ್ಡದ ಬುಡದ ಹಟ್ಟಿಯಲ್ಲಿ ದುರುಗಿ ಎಂಬ ಹೆಂಗಸಿದ್ದಳು. ಹಟ್ಟಿಯ ಕೊನೆಯ ಗುಡಿಸಲು ಅವಳದು. ಕಡ್ಡಿಯಂಥ ಮೈ, ಕಲ್ಲಿನಂಥ ಹಟ. ಒಂದು ಕೆಲಸ ಹಿಡಿದಳೆಂದರೆ ಮುಗಿಯುವ ತನಕ ಅನ್ನ ನೀರು ನೆನಪಾಗುತ್ತಿರಲಿಲ್ಲ.

ಕಾಡಿನಲ್ಲಿದ್ದ ಕೋಳಿಯನ್ನು ಮೊದಲು ಮನೆಗೆ ಕರೆತಂದವಳು ಈ ದುರುಗಿಯೇ. ಕೋಳಿ ಸುಮ್ಮನೆ ಬಂದಿರಲಿಲ್ಲ.

"ಕಾಡಲ್ಲಿ ನನಗೇನು ಕಮ್ಮಿ? ನಿನ್ನ ಗುಡಿಸಲಿಗೆ ಯಾಕೆ ಬರಲಿ?" ಎಂದು ಕೇಳಿತ್ತು.

"ದಿನಾ ನುಚ್ಚು ಹಾಕ್ತೀನಿ," ಎಂದಿದ್ದಳು ದುರುಗಿ. "ನಿನ್ನ ಮರಿಗಳನ್ನ ನಾನು ಕಾಯ್ತೀನಿ."

ಆ ಒಂದು ಮಾತು ನಂಬಿ ಕೋಳಿ ಬಂದಿತ್ತು. ಬುಟ್ಟಿಯ ಕೆಳಗೆ ಮೊಟ್ಟೆಯಿಟ್ಟು ಕಾವು ಕೂತಿತ್ತು. ಹಳದಿ ಹಳದಿ ಮರಿಗಳು ಹೊರಬಂದು ಅಂಗಳದ ತುಂಬ ಉರುಳಾಡಿದವು.

ಆಗ ಕಾಗೆ ಬಂತು, ಬಲ ರೆಕ್ಕೆಯಲ್ಲಿ ಒಂದು ಗರಿ ಇಲ್ಲದ ಕಾಗೆ.

ನರಿ ಬಂದರೆ ವಾಸನೆ ಬರುತ್ತದೆ. ಹದ್ದು ಬಂದರೆ ನೆಲದ ಮೇಲೆ ನೆರಳು ಬೀಳುತ್ತದೆ. ಕಾಗೆ ಬಂದರೆ ಏನೂ ಇಲ್ಲ. ಬೇಲಿಯ ಮೇಲೆ ಇರಲಿಲ್ಲ, ಈಗ ಇದೆ. ಮರಿ ಅಲ್ಲಿತ್ತು, ಈಗ ಇಲ್ಲ. ಒಂದೊಂದಾಗಿ ಮರಿಗಳು ಮಾಯವಾದವು. ಉಳಿದದ್ದು ಒಂದೇ ಒಂದು, ಎಲ್ಲಕ್ಕಿಂತ ಸಣ್ಣದು.

ಒಂದು ಬೆಳಿಗ್ಗೆ ದುರುಗಿ ಎದ್ದು ನೋಡುತ್ತಾಳೆ, ಕೋಳಿ ಆ ಮರಿಯನ್ನು ಮುಂದೆ ಬಿಟ್ಟುಕೊಂಡು ಬೇಲಿ ದಾಟುತ್ತಿದೆ.

"ಎಲ್ಲಿಗೆ ಹೊರಟೆ?"

"ಕಾಡಿಗೆ. ಅಲ್ಲಿ ಯಾರೂ ಕಾಯ್ತೀನಿ ಅಂತ ಮಾತು ಕೊಟ್ಟಿರಲಿಲ್ಲ, ನಾನೇ ಕಾಯ್ತಿದ್ದೆ. ನಿನ್ನ ಮಾತು ನಂಬಿ ನಾನು ಕಣ್ಣು ಮುಚ್ಚಿದೆ."

ದುರುಗಿಗೆ ಮುಖದ ಮೇಲೆ ಹೊಡೆದ ಹಾಗಾಯಿತು. "ಇವತ್ತೊಂದು ದಿನ ಇರು," ಎಂದಳು. "ಹೊತ್ತು ಮುಳುಗೋದ್ರೊಳಗೆ ಆ ಕಾಗೆಯನ್ನ ಹಿಡಿದು ತರ್ತೀನಿ. ತರಲಿಲ್ಲ ಅಂದ್ರೆ ನಾನೇ ನಿನ್ನನ್ನ ಕಾಡಿನ ತನಕ ಬಿಟ್ಟು ಬರ್ತೀನಿ."

ಕೋಳಿ ಒಂದು ಕಣ್ಣಿನಿಂದ ಅವಳನ್ನು ನೋಡಿತು. "ಹೊತ್ತು ಮುಳುಗೋ ತನಕ," ಎಂದು ಮತ್ತೆ ಬುಟ್ಟಿಯ ಕೆಳಗೆ ಹೋಗಿ ಕೂತಿತು.

ದುರುಗಿ ಗೂಟಕ್ಕೆ ಸಿಕ್ಕಿಸಿದ್ದ ಕವಣೆ ತೆಗೆದುಕೊಂಡಳು. ಸೆರಗಿನಲ್ಲಿ ದುಂಡನೆಯ ಕಲ್ಲುಗಳನ್ನು ಕಟ್ಟಿಕೊಂಡಳು. ಸೀದಾ ಗೆಳತಿ ಓಬಳಿಯ ಗುಡಿಸಲಿಗೆ ಹೋದಳು.

ಓಬಳಿ ದಪ್ಪ ಮೈಯವಳು. ನಡೆಯುವುದೆಂದರೆ ಆಗದು, ಮಾತೆಂದರೆ ಪ್ರಾಣ.

"ಕಾಗೆ ಹಿಡಿಯೋಕೆ ಹೊರಟಿದ್ದೀಯೇನೇ? ತಲೆ ಸರಿ ಇದೆಯಾ ನಿಂದು? ಕೂಗಾದ್ರೂ ಇದ್ದಿದ್ರೆ ಕೂಗು ಕೇಳಿದ ಕಡೆ ಹೋಗಬಹುದಿತ್ತು. ಆ ಮೂಕ ಹಕ್ಕೀನ ಎಲ್ಲಿ ಅಂತ ಹುಡುಕ್ತೀಯಾ?"

"ನೀನು ಬರ್ತೀಯೋ ಇಲ್ವೋ?"

"ಬರಲ್ಲ ಅಂದ್ನಾ? ಬುತ್ತಿ ಕಟ್ಟಿಕೊಳ್ಳೋಕೆ ಬಿಡು ಮೊದಲು."

ಓಬಳಿಯ ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಮೈ ಕೊಡವಿತು. ಅದರ ಹೆಸರು ಗಿಡ್ಡ. ಕಾಲು ಮೋಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ಹತ್ತಿರ. ಆದರೆ ಹೊರಟವರ ಹಿಂದೆ ಹೊರಡದೆ ಇದ್ದದ್ದೇ ಇಲ್ಲ.

"ಬುತ್ತಿ ಇದ್ದ ಕಡೆ ನಾನಿರ್ತೀನಿ," ಎಂದಿತು ಗಿಡ್ಡ.

ಹೀಗೆ ಮೂವರೂ ಗುಡ್ಡದ ದಾರಿ ಹಿಡಿದರು.

ಎದುರಿಗೆ ಗಾಳಿ ಬಂತು. "ಗಾಳಿಯಣ್ಣ, ಬಲ ರೆಕ್ಕೆಯಲ್ಲಿ ಒಂದು ಗರಿ ಇಲ್ಲದ ಕಾಗೆ ಕಂಡೆಯಾ?" ಎಂದು ಕೇಳಿದಳು ದುರುಗಿ.

"ಕಂಡೆ, ಕಂಡೆ. ಹುಣಸೆ ಮರದ ತುದಿಯಲ್ಲಿತ್ತು. ಆದರೆ ತಾಯಿ, ನಾನು ಹೇಳಿ ಮುಗಿಸೋದ್ರೊಳಗೆ ಎಲ್ಲಾ ಬದಲಾಗಿರುತ್ತೆ, ನನ್ನನ್ನ ಬೈಬೇಡ," ಎಂದು ಗಾಳಿ ಹೊರಟೇಹೋಯಿತು.

ಹುಣಸೆ ಮರದಲ್ಲಿ ಕಾಗೆ ಇನ್ನೂ ಇತ್ತು. ದುರುಗಿ ಕವಣೆಯಲ್ಲಿ ಕಲ್ಲಿಟ್ಟು ಗಿರ್ರನೆ ತಿರುಗಿಸಿ ಬಿಟ್ಟಳು. ಕಾಗೆ ಹಾರಲೂ ಇಲ್ಲ. ಪಕ್ಕದ ಕೊಂಬೆಗೆ ಸರಿಯಿತು. ಕಲ್ಲು ಹುಣಸೆ ಕಾಯಿಗಳನ್ನು ಉದುರಿಸಿಕೊಂಡು ಹೋಯಿತು. ಇನ್ನೊಂದು ಕಲ್ಲು. ಇನ್ನೊಂದು ಕೊಂಬೆ. ಮತ್ತೊಂದು ಕಲ್ಲು, ಮತ್ತೊಂದು ಕೊಂಬೆ. ಕೊನೆಗೆ ಬೇಜಾರಾದ ಹಾಗೆ ಎದ್ದು ಹಾರಿ ಹೋಯಿತು.

"ಹುಣಸೆ ಕಾಯಾದ್ರೂ ಸಿಕ್ತು," ಎಂದಳು ಓಬಳಿ, ಆರಿಸಿಕೊಳ್ಳುತ್ತ.

"ನಡಿ," ಎಂದಳು ದುರುಗಿ.

ಬಯಲಿಗೆ ಬಂದಾಗ ಓಬಳಿಗೆ ಒಂದು ಉಪಾಯ ಹೊಳೆಯಿತು. "ನಾನು ಸತ್ತವರ ಹಾಗೆ ಮಲಗ್ತೀನಿ. ಕಾಗೆಗೆ ಆಸೆ ಜಾಸ್ತಿ, ನೋಡೋಕೆ ಇಳಿಯುತ್ತೆ. ನೀನು ಪೊದೆಯಲ್ಲಿರು. ಗಿಡ್ಡ, ನೀನು ನನ್ನ ಕಾಲ ಹತ್ತಿರ ಬಿದ್ಕೊ. ಉಸಿರು ಬಿಡಬೇಡ."

ಓಬಳಿ ಮಲಗಿದಳು. ಗಿಡ್ಡ ಮಲಗಿತು. ದುರುಗಿ ಪೊದೆಯ ಮುಳ್ಳುಗಳ ನಡುವೆ ಕುಕ್ಕರಗಾಲಲ್ಲಿ ಕೂತಳು. ಕಾಲು ಜೋಮು ಹಿಡಿಯಿತು, ಕದಲಲಿಲ್ಲ. ಮುಳ್ಳು ಚುಚ್ಚಿತು, ಕದಲಲಿಲ್ಲ.

ಕಾಗೆ ಇಳಿಯಿತು. ಕುಪ್ಪಳಿಸಿ ಕುಪ್ಪಳಿಸಿ ಹತ್ತಿರ ಬಂತು. ಓಬಳಿಯ ಕಡೆ ನೋಡಲಿಲ್ಲ. ಹಿಂದಿನಿಂದ ಹೋಗಿ ಗಿಡ್ಡನ ಬಾಲವನ್ನು ಕೊಕ್ಕಿನಿಂದ ಹಿಡಿದು ಜೋರಾಗಿ ಜಗ್ಗಿತು.

"ಅಯ್ಯೋ ಸತ್ತೆ!" ಎಂದು ಗಿಡ್ಡ ಮೇಲೆ ನೆಗೆದು ಓಬಳಿಯ ಹೊಟ್ಟೆಯ ಮೇಲೆ ಬಿತ್ತು. ಓಬಳಿಯೂ ಕೂಗಿಕೊಂಡೇ ಎದ್ದಳು, ಅಷ್ಟರಲ್ಲಿ ಅವಳ ರವಿಕೆಯೊಳಗೆಲ್ಲ ಇರುವೆ. ದುರುಗಿ ಕವಣೆ ಎತ್ತುವ ಹೊತ್ತಿಗೆ ಕಾಗೆ ಬುತ್ತಿಯ ಗಂಟನ್ನು ಎತ್ತಿಕೊಂಡು ಹಾರಿಯಾಗಿತ್ತು.

"ನನ್ನ ರೊಟ್ಟಿ!" ಎಂದಳು ಓಬಳಿ.

"ನಮ್ಮ ರೊಟ್ಟಿ," ಎಂದಿತು ಗಿಡ್ಡ.

"ನಡಿ," ಎಂದಳು ದುರುಗಿ.

ಹೊತ್ತು ನೆತ್ತಿಗೆ ಬಂತು. ಹಳ್ಳದ ದಂಡೆಯಲ್ಲಿ ಕಾದರು. "ಹಳ್ಳವ್ವ, ಕಾಗೆ ನೀರು ಕುಡಿಯೋಕೆ ಬರುತ್ತಾ?" ಎಂದು ದುರುಗಿ ಕೇಳಿದಳು.

"ಯಾರು ಬಂದ್ರೂ ನೀರು ಕೊಡ್ತೀನಿ, ಯಾರನ್ನೂ ಹಿಡಿದುಕೊಡಲ್ಲ," ಎಂದಿತು ಹಳ್ಳ.

ಕಾಗೆ ಬಂದದ್ದು ನಿಜ. ದುರುಗಿ ಬೀಸಿದ್ದೂ ನಿಜ. ಕಲ್ಲು ನೀರಿಗೆ ಬಿದ್ದು ಹಳ್ಳಕ್ಕೆ ಸಿಟ್ಟು ಬಂತು. "ನನಗೇ ಹೊಡೀತೀಯಾ?" ಎಂದು ದಂಡೆ ಬಿಟ್ಟು ಹೊರಳಿ ಮೂವರ ಮೊಣಕಾಲಿನ ತನಕ ನೀರು ನುಗ್ಗಿಸಿತು. ಕಾಗೆ ಗುಡ್ಡದ ತುದಿಯ ಬಂಡೆಗೆ ಹೋಗಿ ಕೂತಿತು.

ಓಬಳಿ ಒದ್ದೆ ಸೀರೆ ಹಿಂಡಿಕೊಳ್ಳುತ್ತ ಕೂತುಬಿಟ್ಟಳು. "ಸಾಕು ದುರುಗಿ. ಮನೆಗೆ ಹೋಗೋಣ. ಕೋಳಿ ಹೋದ್ರೆ ಹೋಗಲಿ."

"ನೀನು ಹೋಗು. ನಾನು ಬರಲ್ಲ."

"ಎಷ್ಟು ಹಟ ನಿಂದು!"

"ಹಟ ಅಲ್ಲ ಕಣೇ. ಒಂದು ಜೀವ ನನ್ನ ಮಾತು ನಂಬಿ ಕಾಡು ಬಿಟ್ಟು ಬಂತು. ದಿನಾ ಬೆಳಿಗ್ಗೆ ಎದ್ದು ಮರಿಗಳನ್ನ ಲೆಕ್ಕ ಹಾಕ್ತಿತ್ತು, ಗೊತ್ತಾ? ಈಗ ಲೆಕ್ಕ ಹಾಕೋದನ್ನೇ ಬಿಟ್ಟಿದೆ."

ಓಬಳಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹತ್ತು. ಹಿಂದೆ ಬರ್ತೀನಿ," ಎಂದಳು.

ಬಂಡೆಯಿಂದ ಬಂಡೆಗೆ ಕೈಕಾಲು ಊರಿ ಹತ್ತಿದರು. ಗಿಡ್ಡನನ್ನು ಒಮ್ಮೆ ಓಬಳಿ ಎತ್ತಿ ಮೇಲೆ ಹಾಕಬೇಕು, ಒಮ್ಮೆ ಗಿಡ್ಡ ಮೇಲಿನಿಂದ ದಾರಿ ಹೇಳಬೇಕು. ತುದಿ ಹತ್ತಿರವಾಯಿತು. ಕಾಗೆ ಬೆನ್ನು ತಿರುಗಿಸಿ ಕೂತು ರೊಟ್ಟಿಯ ಕೊನೆಯ ಚೂರನ್ನು ತಿನ್ನುತ್ತಿತ್ತು. ದುರುಗಿ ಉಸಿರು ಬಿಗಿಹಿಡಿದು, ಅಂಚಿನಲ್ಲಿ ನಿಂತು, ಕವಣೆ ತಿರುಗಿಸಿದಳು.

ಕಾಲ ಕೆಳಗಿನ ಕಲ್ಲು ಜಾರಿತು.

ಎರಡು ಬಂಡೆಗಳ ನಡುವಿನ ಕೊರಕಲಿಗೆ ದುರುಗಿ ಜಾರಿ ಬಿದ್ದಳು. ಭುಜ ಉಜ್ಜಿ ಹೋಯಿತು. ಎಡಗಾಲು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ. ಮೇಲೆ ನೋಡಿದರೆ ಒಂದು ಪಟ್ಟಿಯಷ್ಟೇ ಆಕಾಶ.

ಓಬಳಿ ಅಂಚಿನಲ್ಲಿ ಬೋರಲು ಮಲಗಿ ಕೈ ಚಾಚಿದಳು. ನಿಲುಕಲಿಲ್ಲ. ಸೆರಗು ಇಳಿಬಿಟ್ಟಳು. ಹರಿಯಿತು.

"ನೀನು ಹಟ್ಟಿಗೆ ಹೋಗೇ," ಎಂದಳು ಒಳಗಿನಿಂದ ದುರುಗಿ.

"ಹೋಗಲ್ಲ. ನೀನೊಬ್ಬಳೇ ಇಲ್ಲಿ ಇರ್ತೀಯಾ? ಇಲ್ಲಿಂದಲೇ ಕೂಗ್ತೀನಿ."

ಆ ಕಾಲದಲ್ಲಿ ಮಾತೂ ಹೊಸದು. ಅವಸರಕ್ಕೆ ಬೇಕಾದ ಮಾತುಗಳೆಲ್ಲ ಚಿಕ್ಕವು. ಬರಲು ಹೇಳುವುದಕ್ಕೆ 'ಬಾ'. ತರಲು ಹೇಳುವುದಕ್ಕೆ 'ತಾ'. ಕಷ್ಟದಲ್ಲಿ ಸಿಕ್ಕಿಕೊಂಡವರು ನನ್ನನ್ನು ಕಾಪಾಡಿ ಎಂದು ಕೂಗುವುದಕ್ಕೆ 'ಕಾ'.

"ಕಾ!" ಎಂದು ಕೂಗಿದಳು ಓಬಳಿ ಬಂಡೆಯ ಮೇಲೆ ನಿಂತು.

"ಕಾ!" ಎಂದು ಕೂಗಿದಳು ದುರುಗಿ ಕೊರಕಲಿನೊಳಗಿಂದ.

ಗಿಡ್ಡ ಗುಡ್ಡದ ಮೂಲೆಮೂಲೆಗೂ ಓಡಿ ಬೊಗಳಿತು. ಮತ್ತೆ ಅಂಚಿಗೆ ಬಂದು ಕೆಳಗೆ ಮೂಗು ಚಾಚಿ, "ಇದ್ದೀಯಾ ಅವ್ವ?" ಎಂದು ಕೇಳಿತು. "ಇದ್ದೀನಿ ಮಗಾ," ಎಂದಳು ದುರುಗಿ. ಮತ್ತೆ ಓಡಿತು.

ದುರುಗಿ ತಲೆ ಎತ್ತಿದಾಗ ಆಕಾಶದ ಪಟ್ಟಿಯಲ್ಲಿ ಒಂದು ಕಪ್ಪು ತಲೆ ಕಂಡಿತು. ಕಾಗೆ. ಬಲ ರೆಕ್ಕೆಯಲ್ಲಿ ಒಂದು ಗರಿ ಇಲ್ಲ. ಎದುರು ಬಂಡೆಯ ಮೇಲೆ ಕೂತು, ಕತ್ತು ಓರೆ ಮಾಡಿ ಅವಳನ್ನು ನೋಡಿತು. ಓಬಳಿಯ ಕಡೆ ನೋಡಿತು. ಗಿಡ್ಡನ ಕಡೆ ನೋಡಿತು. ಈ ದಪ್ಪ ಹೆಂಗಸು ಯಾಕೆ ಹೋಗುತ್ತಿಲ್ಲ? ಈ ನಾಯಿ ಯಾಕೆ ಹೋಗುತ್ತಿಲ್ಲ? ಬಿದ್ದವಳು ಬಿದ್ದಳಲ್ಲ! ಇದನ್ನೇ ಕೇಳಿದ ಹಾಗಿತ್ತು ಅದರ ನೋಟ.

ಗಂಟಲು ಒಡೆಯುವ ತನಕ ಕೂಗಿದರು. ಕಾ! ಕಾ! ಗಾಳಿ ಆ ಕೂಗನ್ನು ಎತ್ತಿಕೊಂಡು ಮೊದಲು ತಪ್ಪು ದಿಕ್ಕಿಗೆ ಹೋಯಿತು. ಆಮೇಲೆ ತಪ್ಪಾಯಿತೆಂದು ತಿಳಿದು ಹಟ್ಟಿಯ ಕಡೆ ಓಡಿತು.

ಬಿಸಿಲು ಇಳಿಯುವ ಹೊತ್ತಿಗೆ ಗುಡ್ಡದ ಬುಡದಲ್ಲಿ ಜನರ ಸದ್ದು ಕೇಳಿತು. ಹಟ್ಟಿಗೆ ಹಟ್ಟಿಯೇ ಬಂದಿತ್ತು. ಎಲ್ಲರಿಗಿಂತ ಮುಂದೆ, ನಾರಿನ ಹಗ್ಗ ಹೆಗಲಿಗೆ ಹಾಕಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದವನು ತಿಪ್ಪಯ್ಯ. ದುರುಗಿಯ ಪಕ್ಕದ ಗುಡಿಸಲಿನವನು. ಬೇಲಿಯ ವಿಷಯಕ್ಕೆ ಅವಳ ಜೊತೆ ಜಗಳವಾಡಿ ಮಾತು ಬಿಟ್ಟಿದ್ದವನು.

"ಸೊಂಟಕ್ಕೆ ಗಟ್ಟಿ ಕಟ್ಟಿಕೊ ದುರುಗವ್ವ," ಎಂದು ಹಗ್ಗ ಇಳಿಬಿಟ್ಟ.

ಎಲ್ಲರೂ ಸೇರಿ ಎಳೆದರು. ಕಾಲಿನ ಚರ್ಮ ಸುಲಿಯಿತು, ಆದರೆ ಕಾಲು ಬಂತು. ದುರುಗಿ ಬಂಡೆಯ ಮೇಲೆ ಕೂತು ಬಿಸಿಲಿಗೆ ಕಣ್ಣು ಚಿಕ್ಕದು ಮಾಡಿ ಎಲ್ಲರ ಮುಖ ನೋಡಿದಳು. ಓಬಳಿ ಅವಳನ್ನು ತಬ್ಬಿಕೊಂಡು, ಅಳುತ್ತಲೇ ಬೈದಳು.

"ಸಾಕಿನ್ನು. ನಡೀರಿ ಮನೆಗೆ," ಎಂದರು ಎಲ್ಲ.

"ಹೊತ್ತಿನ್ನೂ ಮುಳುಗಿಲ್ಲ," ಎಂದಳು ದುರುಗಿ. "ಕವಣೆ ಎಲ್ಲಿ?"

ಕಾಗೆ ಅಲ್ಲೇ ಇತ್ತು. ಈ ನೋಟದಲ್ಲಿ ಮೈಮರೆತು ಹಾರುವುದನ್ನೂ ಕದಿಯುವುದನ್ನೂ ಮರೆತಿತ್ತು. ದುರುಗಿ ಕೂತಲ್ಲಿಂದಲೇ ಕವಣೆ ಬೀಸಿದಳು. ಕಲ್ಲು ರೆಕ್ಕೆಗೆ ತಾಗಿತು. ಕಾಗೆ ಉರುಳಿತು. ಗಿಡ್ಡ ಓಡಿಹೋಗಿ ಹಲ್ಲು ತಾಗದ ಹಾಗೆ ಕಚ್ಚಿಕೊಂಡು ತಂದು ಅವಳ ಮಡಿಲಿಗೆ ಹಾಕಿತು.

ಕೊನೆಗೂ ಸಿಕ್ಕಿತು. ದುರುಗಿ ಎರಡೂ ಕೈಯಲ್ಲಿ ಅದನ್ನು ಹಿಡಿದಳು. ಇಷ್ಟು ಹಗುರವೇ ಇದು! ಬೆರಳಿನ ಕೆಳಗೆ ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅವಳ ಎದೆ ಕೊರಕಲಿನಲ್ಲಿ ಹೊಡೆದುಕೊಂಡ ಹಾಗೆಯೇ. ಕತ್ತು ಮುರಿಯಬೇಕು, ಅಷ್ಟೇ ಕೆಲಸ.

ಹುಟ್ಟಿದ ಮೇಲೆ ಮೊದಲ ಸಲ ಕಾಗೆಯ ಬಾಯಿ ಖಾಲಿ ಇತ್ತು. ಅದು ಕೊಕ್ಕು ತೆರೆಯಿತು. ಒಣಗಿದ, ಒಡೆದ, ಒರಟು ದನಿ ಹೊರಗೆ ಬಂತು.

"ಕಾ."

ಕಾಗೆ ತನ್ನ ದನಿಗೆ ತಾನೇ ಬೆಚ್ಚಿತು.

"ಕಾ! ಕಾ!"

ಬೇವಿನ ಮರದಲ್ಲಿ ಒಂದು ಒಂಟಿ ಕಾಗೆ ತಲೆ ಎತ್ತಿತು. ಬಾಯಿಯ ತುತ್ತು ಕೆಳಗೆ ಬಿತ್ತು. ಅದು ಹಾರಿ ಬಂತು. ಆಲದ ಮರದಿಂದ ಇನ್ನೊಂದು. ಹಳ್ಳದ ಆಚೆಯಿಂದ ಮತ್ತೊಂದು. ಎಂದೂ ಒಂದರ ಮರಕ್ಕೆ ಒಂದು ಕಾಲಿಡದ ಕಾಗೆಗಳು ಗುಡ್ಡದ ಮೇಲೆ ಸುತ್ತಿದವು. ಓಬಳಿಯ ತಲೆಗೆ ಕುಕ್ಕಿದವು, ಗಿಡ್ಡನ ಬೆನ್ನಿಗೆ ಕುಕ್ಕಿದವು, ದುರುಗಿಯ ಕೈಗೆ ಕುಕ್ಕಿದವು. ಒಂದೊಂದೂ ತುತ್ತು ಉಗುಳಿ ಕೊಕ್ಕು ತೆರೆಯಿತು. "ಕಾ! ಕಾ! ಕಾ!" ಆಕಾಶವೇ ಕೂಗಿದ ಹಾಗಾಯಿತು.

"ಬೇಗ ಮುಗಿಸೇ!" ಎಂದು ಓಬಳಿ ತಲೆಯ ಮೇಲೆ ಕೈಯಿಟ್ಟುಕೊಂಡು ಕಿರುಚಿದಳು.

ದುರುಗಿಯ ಕೈ ಮುಂದಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಇದೇ ಮಾತನ್ನು ಅವಳು ಕೂಗಿದ್ದಳು. ಆಗ ಯಾರೂ ನೀನು ಒಳ್ಳೆಯವಳೋ ಕೆಟ್ಟವಳೋ ಎಂದು ಕೇಳಿರಲಿಲ್ಲ. ತಿಪ್ಪಯ್ಯನೂ ಕೇಳಿರಲಿಲ್ಲ. ಹಗ್ಗ ತಂದಿದ್ದ.

"ಕಳ್ಳ," ಎಂದಳು ಕಾಗೆಗೆ. ಕಣ್ಣು ತುಂಬಿ ಬಂತು. "ಹಾಳಾದ ಕಳ್ಳ. ಇನ್ನು ನನ್ನ ಕೋಳಿಮರಿ ಮುಟ್ಟಲ್ಲ ಅಂತ ಮಾತು ಕೊಡು."

"ಕಾ," ಎಂದಿತು ಕಾಗೆ. ಅದಕ್ಕೆ ಬರುತ್ತಿದ್ದದ್ದು ಆ ಒಂದೇ ಮಾತು. ಮಾತು ಕೊಡುವುದು ಅದಕ್ಕೆ ಗೊತ್ತಿರಲಿಲ್ಲ.

ದುರುಗಿ ಅದನ್ನು ಬಂಡೆಯ ಮೇಲೆ ಬಿಟ್ಟಳು. ಕಾಗೆಗಳೆಲ್ಲ ಅದರ ಸುತ್ತ ಇಳಿದವು. ನೋವಿನ ರೆಕ್ಕೆ ಮತ್ತೆ ಬಿಚ್ಚಿಕೊಳ್ಳುವ ತನಕ ಒಂದೂ ಕದಲಲಿಲ್ಲ.

ತಿಪ್ಪಯ್ಯನ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತ ದುರುಗಿ ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಕೋಳಿ ಬೇಲಿಯ ಹತ್ತಿರ ನಿಂತಿತ್ತು.

"ಎಲ್ಲಿ ಕಾಗೆ?"

"ಹಿಡಿದೆ. ಬಿಟ್ಟೆ," ಎಂದಳು ದುರುಗಿ. ಸುಳ್ಳು ಹೇಳಲಿಲ್ಲ.

ಕೋಳಿಯ ಕತ್ತಿನ ಗರಿಗಳೆಲ್ಲ ನಿಮಿರಿದವು. "ಬಿಟ್ಟೆಯಾ? ನನ್ನ ಮರಿಗಳನ್ನ ತಿಂದದ್ದನ್ನ ಬಿಟ್ಟೆಯಾ? ಹಾಗಾದ್ರೆ ನಾನ್ಯಾಕೆ ಇಲ್ಲಿರಲಿ?"

"ನಡಿ, ಮಾತು ಕೊಟ್ಟ ಹಾಗೆ ಕಾಡಿನ ತನಕ ಬಿಟ್ಟು ಬರ್ತೀನಿ," ಎಂದು ದುರುಗಿ ಸುಲಿದ ಕಾಲಲ್ಲೇ ಮುಂದೆ ಹೆಜ್ಜೆಯಿಟ್ಟಳು.

ಆಗಲೇ ಹುಣಸೆ ಮರದ ಕಡೆಯಿಂದ ಕೇಳಿತು. "ಕಾ! ಕಾ!"

ಕೋಳಿ ಥಟ್ಟನೆ ರೆಕ್ಕೆ ಅಗಲಿಸಿತು. ಸಣ್ಣ ಮರಿ ಅದರ ಕೆಳಗೆ ನುಗ್ಗಿತು. "ಏನದು?" ಎಂದಿತು ಕೋಳಿ.

"ಕಾಗೆ," ಎಂದಳು ದುರುಗಿ. ಹೇಳುತ್ತಿದ್ದ ಹಾಗೆ ಅವಳಿಗೂ ಹೊಳೆಯಿತು. "ಇಷ್ಟು ದಿನ ಸದ್ದಿಲ್ಲದೆ ಬರ್ತಿತ್ತು. ಇನ್ನು ಆಗಲ್ಲ. ಕೂಗು ಕಲಿತಿದೆ. ಏನು ಕಂಡರೂ ಬಳಗಾನ ಕರೆಯದೆ ಇರೋಕೆ ಅದಕ್ಕೆ ಆಗ್ತಿಲ್ಲ ನೋಡು."

ಕೋಳಿ ತುಂಬ ಹೊತ್ತು ಕಿವಿಗೊಟ್ಟು ನಿಂತಿತು. ಹುಣಸೆ ಮರದಲ್ಲಿ ಒಂದಲ್ಲ, ಹತ್ತಾರು ಕಾಗೆಗಳು ಒಂದೇ ಕೊಂಬೆಗೆ ಒತ್ತಿಕೊಂಡು ಕೂತು ಹರಟುತ್ತಿದ್ದವು. ಎಲ್ಲಿವೆ, ಎಷ್ಟಿವೆ, ಎಷ್ಟು ದೂರ, ಎಲ್ಲ ಕೇಳುತ್ತಿತ್ತು.

"ನೀನೂ ಕಾಯ್ಬೇಕು," ಎಂದಿತು ಕೊನೆಗೆ. "ನಾನೂ ಕಾಯ್ತೀನಿ. ಈ ಸಲ ಕಣ್ಣು ಮುಚ್ಚಲ್ಲ."

"ಸರಿ," ಎಂದಳು ದುರುಗಿ. ಕೋಳಿ ಬೇಲಿಯಿಂದ ಈಚೆಗೆ ಬಂತು.

ಕಾಗೆ ಆಮೇಲೂ ಕಳ್ಳತನ ಬಿಡಲಿಲ್ಲ, ಮಗು, ನಿನ್ನ ಕೈಯ ಚಕ್ಕುಲಿಯನ್ನೇ ಕೇಳು. ಆದರೆ ಕಾಗೆ ಕೂಗಿದ ಕೂಡಲೇ ಕೋಳಿ ರೆಕ್ಕೆ ಬಿಚ್ಚಿ ಮರಿಗಳನ್ನು ಒಳಗೆ ಕರೆದುಕೊಳ್ಳುವುದು ಅಂದಿನಿಂದಲೇ. ಬೀದಿಯಲ್ಲಿ ಒಂದು ಕಾಗೆ ಬಿದ್ದರೆ ಊರ ಕಾಗೆಗಳೆಲ್ಲ ಮರಮರದಿಂದ, ಸೂರುಸೂರಿನಿಂದ ಹಾರಿ ಬಂದು, ಗಂಟಲು ಒಡೆಯುವ ತನಕ "ಕಾ, ಕಾ" ಎಂದು ಕೂಗುವುದೂ ಅಂದಿನಿಂದಲೇ.